ದಾವಣಗೆರೆಯಿಂದ ಜಾಜ್ ಬೆರೆತ ಆರ್ಕೆಸ್ಟ್ರಾ ಕಾನ್ಸರ್ಟ್‌ಗೆ ಹೊರಟೋರಿಗೆ

ಬೆಂಗಳೂರಲ್ಲೋ ಮುಂಬೈಯಲ್ಲೋ ಸಿಂಫನಿ ಆರ್ಕೆಸ್ಟ್ರಾ (ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯವೃಂದ) ಪ್ರೋಗ್ರಾಂ ಇದೆ, ಅಮೆರಿಕದ ಗರ್ಶ್ವಿನ್, ಫ್ರಾನ್ಸಿನ ರಾವೆಲ್ ಇಬ್ಬರೂ ಜಾಜ್ ಅನ್ನೋ ಅಮೆರಿಕದ ಸಂಗೀತ ಶೈಲಿ ಬೆರೆಸಿ ಬರೆದಿದ್ದನ್ನ ನುಡಿಸ್ತಾರಂತೆ, ಪಿಯಾನೋಗೆ ಹೊರಗಿಂದ ಗೆಸ್ಟ್ ಸೋಲೋಯಿಸ್ಟ್ (ಮುಖ್ಯ ವಾದಕ) ಬರ್ತಾರಂತೆ ಅಂತ ಗೊತ್ತಾದ್ರೆ ಟಿಕೆಟ್ ತಗೊಂಡ್ಬಿಡ್ರಿ. ಆದ್ರೆ ಏನೂ ಕೇಳದೆ ಹಂಗೇ ಹೋಗಿ ಕೂರಬೇಡ್ರಿ. ಒಂದು ವಾರ ಮುಂಚೆನೇ ಆ ಪೀಸ್‌ಗಳನ್ನ ಯೂಟ್ಯೂಬಲ್ಲಿ ಹುಡುಕಿ ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ, ಬರೀ ಫೋನ್ ಸ್ಪೀಕರಲ್ಲಿ ಡಬಲ್ ಬಾಸ್ (ದಪ್ಪ ದನಿಯ ದೊಡ್ಡ ತಂತಿ ವಾದ್ಯ) ಸರಿಯಾಗಿ ಕೇಳ್ಸಲ್ಲ.

ಗರ್ಶ್ವಿನ್‌ನ 'ರಾಪ್ಸಡಿ ಇನ್ ಬ್ಲೂ' ಇಂದ ಶುರು ಮಾಡ್ರಿ. 1924ರ ಫೆಬ್ರವರಿ 12ಕ್ಕೆ ನ್ಯೂಯಾರ್ಕಲ್ಲಿ ಪಾಲ್ ವೈಟ್‌ಮನ್ ಬ್ಯಾಂಡ್ ಜೊತೆ ಗರ್ಶ್ವಿನ್ ತಾನೇ ಪಿಯಾನೋಗೆ ಕೂತು ಮೊದಲ ಸಲ ನುಡಿಸಿದ್ದು ಇದು. ಶುರುವಲ್ಲೇ ಕ್ಲಾರಿನೆಟ್ ಅನ್ನೋ ಊದೋ ವಾದ್ಯ ಕೆಳಗಿಂದ ಎದ್ದು ಮೇಲಕ್ಕೆ ಜಾರ್ತಾ ಹೋಗುತ್ತಲ್ಲ, ಬರೆದಿದ್ದು ಬಿಡಿಬಿಡಿ ಸ್ವರಗಳು, ರಿಹರ್ಸಲಲ್ಲಿ ಬ್ಯಾಂಡಿನ ಕ್ಲಾರಿನೆಟ್ ವಾದಕ ರಾಸ್ ಗೋರ್ಮನ್ ಅದನ್ನ ಜಾರಿಸಿ ನುಡಿಸಿದ್ದು ಗರ್ಶ್ವಿನ್‌ಗೆ ಹಿಡಿಸಿ ಹಂಗೇ ಉಳ್ಕೊಂತು. ಜಾರು ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಈ ಜಾಗ ಥಟ್ ಅಂತ ಸಿಗುತ್ತೆ. ಅವತ್ತು ಪಿಯಾನೋ ಭಾಗ ಪೂರ್ತಿ ಬರೆದೇ ಇರ್ಲಿಲ್ಲ, ಒಂದು ಕಡೆ ಸ್ಕೋರಲ್ಲಿ (ಸ್ವರ ಬರೆದ ಹಾಳೇಲಿ) ಗರ್ಶ್ವಿನ್ ತಲೆ ಆಡಿಸೋವರೆಗೂ ಕಾಯಿ ಅಂತಷ್ಟೇ ಇತ್ತು. ಈಗ ಎಲ್ಲಾ ಅಚ್ಚಾಗಿದೆ, ಆದ್ರೂ ಪಿಯಾನೋ ಒಂದೇ ಇರೋ ಕಡೆ ಸೋಲೋಯಿಸ್ಟ್ ಎಲ್ಲಿ ಎಳೀತಾರೆ, ಎಲ್ಲಿ ಓಡ್ತಾರೆ ಅನ್ನೋದನ್ನ ಗಮನಿಸ್ರಿ, ಅದು ಒಬ್ಬೊಬ್ಬರದ್ದು ಒಂದೊಂದು ಥರ.

ರಾವೆಲ್ 1928ರಲ್ಲಿ ಅಮೆರಿಕ ಸುತ್ತಿ ಜಾಜ್ ಕೇಳಿ ಬಂದೋನು. ಅವನ ಜಿ ಮೇಜರ್ ಪಿಯಾನೋ ಕಾನ್ಸರ್ಟೋ, ಅಂದ್ರೆ ಒಬ್ಬ ಪಿಯಾನೋ ವಾದಕ ಆರ್ಕೆಸ್ಟ್ರಾ ಜೊತೆ ನುಡಿಸೋ ಮೂರು ಭಾಗದ ರಚನೆ, ಮೊದಲ ಸಲ ನುಡಿಸಿದ್ದು 1932ರಲ್ಲಿ, ಚಟೀರ್ ಅಂತ ಚಾಟಿ ಸದ್ದಿಂದ ಶುರುವಾಗುತ್ತೆ, ಎರಡು ಮರದ ಪಟ್ಟಿ ಬಡಿಯೋದು ಅದು. ನನಗಂತೂ ಎರಡನೇ ಭಾಗನೇ ಪ್ರಾಣ, ಸುಮಾರು ಮೂರು ನಿಮಿಷ ಪಿಯಾನೋ ಒಂದೇ, ಆಮೇಲೆ ಕೊಳಲು ಮೆಲ್ಲಗೆ ಬಂದು ಸೇರ್ಕೊಳ್ಳುತ್ತೆ, ಇನ್ನೂ ಮುಂದೆ ಇಂಗ್ಲಿಷ್ ಹಾರ್ನ್ ಅನ್ನೋ ಊದೋ ವಾದ್ಯ ಆ ರಾಗ ಎತ್ಕೊಂಡಾಗ ಪಿಯಾನೋ ಅದರ ಸುತ್ತ ಸಣ್ಣಸಣ್ಣ ಸ್ವರ ಹೆಣೀತಾ ಹೋಗುತ್ತೆ. ಆ ಹೊತ್ತಲ್ಲಿ ಕೆಮ್ಮು ಬಂದ್ರೂ ತಡ್ಕೊಳ್ರಿ.

ತಾಳ ಹಿಡಿಯೋ ಅಭ್ಯಾಸ ಇರೋರಿಗೆ ಒಂದು ಮಾತು. ಜಾಜಿನ ತೂಗೋ ಲಯ, ಅಂದ್ರೆ ಸ್ವಿಂಗ್, ಬಂದಾಗ ನಾಲ್ಕು ಎಣಿಕೆಯಲ್ಲಿ ಒತ್ತು ಬೀಳೋದು ಎರಡು ಮತ್ತೆ ನಾಲ್ಕರ ಮೇಲೆ. ಮನೇಲಿ ತೊಡೆ ಮೇಲೆ ತಟ್ಟಿ ನೋಡ್ರಿ, ಮೊದಲು ಕೈ ಒಂದಕ್ಕೇ ಓಡುತ್ತೆ, ಆಮೇಲೆ ಕೂರುತ್ತೆ. ಹಾಲಲ್ಲಿ ಸದ್ದು ಮಾಡ್ದೆ ಬೆರಳಲ್ಲಿ ಅಷ್ಟೇ.

ಸೀಟು ಆರಿಸೋವಾಗ ಸ್ಟೇಜ್ ಕಡೆ ಮುಖ ಮಾಡಿದ್ರೆ ಎಡಗಡೆ ತಗೊಳ್ರಿ, ಪಿಯಾನೋ ನುಡಿಸೋರ ಕೈ ಕಾಣುತ್ತೆ. ನಮ್ಮ ಕಚೇರಿಲಿ ನಡುವೆ ಭೇಷ್ ಅಂತೀವಿ, ಇಲ್ಲಿ ಸಾಮಾನ್ಯವಾಗಿ ಕಾನ್ಸರ್ಟೋದ ಮೂರೂ ಭಾಗ ಮುಗಿದ ಮೇಲೇನೇ ಚಪ್ಪಾಳೆ, ಗೊತ್ತಾಗ್ದಿದ್ರೆ ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸೋರು) ಕೈ ಪೂರ್ತಿ ಇಳಿಸೋವರೆಗೂ ಕಾಯ್ರಿ.

ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ವಾಪಸ್ ಟಿಕೆಟ್ ಮರುದಿನ ಬೆಳಿಗ್ಗೆಗೇ ಮಾಡ್ಸಿ. ಕಾನ್ಸರ್ಟೋ ಮುಗಿದ ಮೇಲೆ ಚಪ್ಪಾಳೆ ಜೋರಾಗಿದ್ರೆ ಸೋಲೋಯಿಸ್ಟ್ ತಾವೊಬ್ಬರೇ ಇನ್ನೊಂದು ಚಿಕ್ಕದು ನುಡಿಸ್ತಾರೆ ಎಷ್ಟೋ ಸಲ, ಪ್ರೋಗ್ರಾಂ ಶೀಟಲ್ಲಿ ಅದು ಇರಲ್ಲ, ಇಂಟರ್ವಲ್ ಟೀಗೆ ಕ್ಯೂ ಆಗುತ್ತೆ ಅಂತ ಎದ್ದು ಬಿಡಬೇಡ್ರಿ.