ಸಂಡೂರಿನ ಕೆಂಪು ಧೂಳು, ನನ್ನ ಕಾರಿನ ಏರ್ ಫಿಲ್ಟರ್

ಹೊಸಪೇಟೆ–ಸಂಡೂರು ನಡುವೆ ಓಡಾಡುವ ಕಾರಿನ ಬಣ್ಣ ಆರ್‌ಸಿ ಪುಸ್ತಕದಲ್ಲಿ ಏನೇ ಇರಲಿ, ಬೇಸಿಗೆಯಲ್ಲಿ ಅದು ಕೆಂಪೇ. ಕಬ್ಬಿಣದ ಅದಿರಿನ ಲಾರಿಗಳು ಟಾರ್ಪಾಲು ಕಟ್ಟಿಕೊಂಡು ಹೋದರೂ ರಸ್ತೆಯಂಚಿನಲ್ಲಿ ಕೂತ ಧೂಳು ಮುಂದಿನ ಗಾಡಿಯ ಚಕ್ರಕ್ಕೆ ಮತ್ತೆ ಏಳುತ್ತದೆ. ಇಂಥ ಕಡೆ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರಿಗೆ ‘ಮೂವತ್ತು–ನಲವತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿ’ ಅನ್ನುವ ಮಾತು ನಡೆಯುವುದಿಲ್ಲ. ಓನರ್ಸ್ ಮ್ಯಾನ್ಯುಯಲ್‌ನಲ್ಲೇ ಧೂಳಿನ ರಸ್ತೆಗೆ ಬೇರೆ ಲೆಕ್ಕ ಕೊಟ್ಟಿರುತ್ತಾರೆ. ಆ ಪುಟದವರೆಗೆ ಹೋಗುವವರು ಕಡಿಮೆ, ಅಷ್ಟೆ.

ನನ್ನದು ಪೆಟ್ರೋಲ್ ಸ್ವಿಫ್ಟ್. ಫಿಲ್ಟರ್ ನಾನೇ ಬದಲಿಸಿಕೊಳ್ಳುತ್ತೇನೆ. ಕಂಪನಿ ಫಿಲ್ಟರ್, ಹೆಸರಿರುವ ಬೇರೆ ಬ್ರ್ಯಾಂಡಿನದು, ಹೆಸರೇ ಕೇಳಿರದ ಲೋಕಲ್ ಮಾಲು, ಮೂರೂ ಬಾನೆಟ್ ಕೆಳಗಿನ ಆ ಕಪ್ಪು ಫಿಲ್ಟರ್ ಡಬ್ಬಿಯೊಳಗೆ ಕೂತು ಬಂದಿವೆ. ‘ಒರಿಜಿನಲ್ಲೇ ಹಾಕಬೇಕಾ, ಹೊರಗಿಂದು ನಡೆಯುತ್ತಾ’ ಎಂದು ಕೇಳುವವರಿಗೆ ನಾನು ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಹಳೆಯ ಫಿಲ್ಟರ್ ತೆಗೆದು ಅದರ ರಬ್ಬರ್ ಅಂಚು ನೋಡಿ ಅನ್ನುತ್ತೇನೆ.

ಯಾಕೆಂದರೆ ನಮ್ಮ ಧೂಳಿಗೆ ಬಣ್ಣವಿದೆ. ಫಿಲ್ಟರಿನ ಕಾಗದದ ಸುತ್ತ ಮೆತ್ತನೆಯ ಒಂದು ಅಂಚು ಇರುತ್ತದೆ, ಡಬ್ಬಿಯ ಮೇಲಿನ ಭಾಗ ಮತ್ತು ಕೆಳಗಿನ ಭಾಗದ ನಡುವೆ ಅದು ಅಮುಕಿಕೊಂಡು ಕೂರಬೇಕು. ಸರಿಯಾಗಿ ಕೂತಿದ್ದರೆ ಕೆಂಪು ಆ ಅಂಚಿನ ಹೊರಗೆರೆಯಲ್ಲೇ ನಿಲ್ಲುತ್ತದೆ. ಒಳಗಡೆ, ಅಂದರೆ ಎಂಜಿನ್ ಕಡೆಯ ಮಗ್ಗುಲು, ಅಂಗಡಿಯಿಂದ ತಂದಾಗ ಇದ್ದ ಬಣ್ಣದಲ್ಲೇ ಇರುತ್ತದೆ. ಎಲ್ಲಾದರೂ ಅಂಚು ಸಡಿಲವಿದ್ದರೆ ಅಲ್ಲಿಂದ ಕೆಂಪು ಒಂದು ನಾಲಿಗೆಯ ಹಾಗೆ ಒಳಕ್ಕೆ ಚಾಚಿರುತ್ತದೆ. ಲೋಕಲ್ ಫಿಲ್ಟರ್ ಬಿಚ್ಚಿದಾಗ ನಾನು ಕಂಡದ್ದು ಅದನ್ನೇ: ಮೂಲೆಯೊಂದರಲ್ಲಿ ಬೆರಳಗಲ ಪಟ್ಟೆ, ಅಲ್ಲಿಂದ ಮುಂದೆ ಡಬ್ಬಿಯ ಮುಚ್ಚಳದ ಒಳಗೋಡೆಯ ಮೇಲೂ ತೆಳು ಕೆಂಪು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಕಡೆ ಹೋಗುವ ದಪ್ಪ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿದರೆ ಬಟ್ಟೆಗೂ ಬಣ್ಣ ಬಂತು. ಆ ಫಿಲ್ಟರಿನ ಕಾಗದಕ್ಕೆ ಏನೂ ಆಗಿರಲಿಲ್ಲ. ಬಿಸಿಲಿಗೆ ಹಿಡಿದರೆ ಒಂದು ತೂತೂ ಕಾಣಲಿಲ್ಲ. ಗಾಳಿಗೆ ಪಕ್ಕದಲ್ಲೇ ಬಾಗಿಲು ತೆರೆದಿರುವಾಗ ಅದು ಕಾಗದದ ಮೂಲಕ ಯಾಕೆ ಕಷ್ಟಪಟ್ಟು ಬರುತ್ತದೆ?

ಇಷ್ಟು ತಲೆಕೆಡಿಸಿಕೊಳ್ಳುವುದು ಬೇಕಾ ಅನ್ನುವವರಿಗೆ ಒಂದು ಲೆಕ್ಕ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋದ ಹತ್ತಿರ ತೂಗುತ್ತದೆ. ಅಲ್ಲಿಗೆ ಲೀಟರಿಗೆ ಸುಮಾರು 11 ಕಿಲೋ ಗಾಳಿ, ಅಳತೆಯಲ್ಲಿ 9 ಸಾವಿರ ಲೀಟರಿನಷ್ಟು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವುದರೊಳಗೆ ಸಂಡೂರಿನ ಎಷ್ಟು ಗಾಳಿ ಆ ಡಬ್ಬಿ ದಾಟುತ್ತದೆ ಎಂದು ನೀವೇ ಗುಣಿಸಿಕೊಳ್ಳಿ. ಆ ಗಾಳಿಯಲ್ಲಿರುವುದೂ ಸಾಮಾನ್ಯ ಮಣ್ಣಲ್ಲ. ನಮ್ಮ ಬೆಟ್ಟಗಳ ಕಲ್ಲನ್ನು ಒಡೆದು ನೋಡಿದರೆ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಒಂದು ಪಟ್ಟಿ, ಕ್ವಾರ್ಟ್ಸ್ ಎಂಬ ಬೆಣಚುಕಲ್ಲು ಒಂದು ಪಟ್ಟಿ, ಹೀಗೆ ಪದರ ಪದರ. ಗಾಜು, ಚಿನ್ನ ಉಜ್ಜಿ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ಕ್ವಾರ್ಟ್ಸಂತೂ ಉಕ್ಕನ್ನೇ ಗೀರುವಷ್ಟು ಗಟ್ಟಿ. ಅಂಥದ್ದು ಪಿಸ್ಟನ್ ರಿಂಗು ಮತ್ತು ಸಿಲಿಂಡರ್ ಗೋಡೆಯ ನಡುವೆ ಸೇರಿಕೊಂಡರೆ ತಕ್ಷಣ ಏನೂ ಗೊತ್ತಾಗುವುದಿಲ್ಲ. ವರ್ಷಗಳು ಕಳೆದ ಮೇಲೆ ಎಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ, ಆಗ ಯಾರೂ ಹಳೆಯ ಫಿಲ್ಟರನ್ನು ನೆನಪಿಸಿಕೊಳ್ಳುವುದಿಲ್ಲ.

ಕೆಲಸ ಸಣ್ಣದು. ಎಂಜಿನ್ ತಣ್ಣಗಾಗಿರಬೇಕು. ಬಾನೆಟ್ ಎತ್ತಿದ ಮೇಲೆ ಮೊದಲು ಡಬ್ಬಿಯ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಇದನ್ನು ಬಿಟ್ಟರೆ ಮುಚ್ಚಳ ತೆಗೆಯುವಾಗ ಮೇಲಿನ ಧೂಳೆಲ್ಲ ಒಳಗೇ ಬೀಳುತ್ತದೆ. ಕ್ಲಿಪ್ ಬಿಡಿಸಿ, ಮುಚ್ಚಳವನ್ನು ಪೈಪಿನ ಸಮೇತ ಸ್ವಲ್ಪ ಎತ್ತಿದರೆ ಫಿಲ್ಟರ್ ಈಚೆ ಬರುತ್ತದೆ. ಹಾಗೇ ಸಪಾಟಾಗಿ ಎತ್ತಬೇಕು, ಓರೆ ಮಾಡಿದರೆ ಮಡಿಕೆಯಲ್ಲಿದ್ದ ಪುಡಿ ಡಬ್ಬಿಗೆ ಸುರಿಯುತ್ತದೆ. ಕೆಳಭಾಗದಲ್ಲಿ ಒಣ ಎಲೆ, ಸತ್ತ ಹುಳ, ಒಮ್ಮೊಮ್ಮೆ ಇಲಿ ತಂದಿಟ್ಟ ಬಟ್ಟೆಚೂರು ಸಿಗುವುದುಂಟು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಹೊಸದು ಇಡುವುದು. ಕಂಪ್ರೆಸರ್ ಗಾಳಿ ಡಬ್ಬಿಯೊಳಗೆ ಬಿಡಲೇಬಾರದು, ಪುಡಿ ನೇರ ಎಂಜಿನ್ ಕಡೆಯ ಪೈಪಿಗೆ ಹೋಗುತ್ತದೆ.

ಹೊಸ ಫಿಲ್ಟರ್ ಯಾವುದೇ ಇರಲಿ, ಹಾಕುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಡಬ್ಬಿಯಲ್ಲಿ ಫಿಲ್ಟರಿನ ರಬ್ಬರ್ ಕೂರುವ ಅಂಚಿನ ಮೇಲೆ ಸುತ್ತಲೂ ಸೀಮೆಸುಣ್ಣ ತೆಳ್ಳಗೆ ಸವರಿ, ಫಿಲ್ಟರ್ ಇಟ್ಟು, ಮುಚ್ಚಿ, ಎಲ್ಲ ಕ್ಲಿಪ್ ಹಾಕಿ, ಮತ್ತೆ ಬಿಚ್ಚಿ ನೋಡುವುದು. ರಬ್ಬರಿನ ಮೇಲೆ ಬಿಳಿಗೆರೆ ಸುತ್ತ ಎಲ್ಲೂ ತಪ್ಪದೆ ಬಿದ್ದಿರಬೇಕು. ಒರೆಸಿ ತೆಗೆದು ಮತ್ತೆ ಮುಚ್ಚಿದರೆ ಕೆಲಸ ಮುಗಿಯಿತು. ಕಂಪನಿ ಫಿಲ್ಟರಿನಲ್ಲಿ ಆ ಗೆರೆ ನನಗೆ ಪೂರ್ತಿಯಾಗೇ ಬಿದ್ದಿದೆ. ಹೆಸರಿರುವ ಬ್ರ್ಯಾಂಡಿನದರಲ್ಲೂ ಅಷ್ಟೇ. ಲೋಕಲ್‌ನಲ್ಲಿ ಮೂಲೆ ತಿರುಗುವ ಕಡೆ ತಪ್ಪಿತು, ರಬ್ಬರ್ ಕೈಗೂ ಗಟ್ಟಿ ಅನ್ನಿಸಿತು, ಉಗುರಿನಿಂದ ಒತ್ತಿದರೆ ಗುಳಿ ಬಿದ್ದದ್ದು ಹಾಗೇ ಉಳಿಯಿತು. ಒಳ್ಳೆಯದಾದರೆ ಅದು ಕೂಡಲೇ ಉಬ್ಬಿಬಿಡುತ್ತದೆ. ಕ್ಲಿಪ್ ಹಾಕುವಾಗ ಜೋರು ಬೇಕಾದರೂ, ಏನೂ ಬಿಗಿಯಿಲ್ಲದೆ ಟಪ್ಪನೆ ಕೂತುಬಿಟ್ಟರೂ ನನಗೆ ಅನುಮಾನ.

ಹಾಗಾಗಿ ಈಗ ನನ್ನ ಅಭಿಪ್ರಾಯ ಹೀಗಿದೆ. ಕಾರು ಕಂಪನಿಗಳು ಫಿಲ್ಟರನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ಬೇರೆಯವರಿಂದ ಮಾಡಿಸಿ ತಮ್ಮ ಡಬ್ಬದಲ್ಲಿ ಹಾಕಿ ಮಾರುತ್ತವೆ. ಬಾಷ್, ಮಾನ್, ಪ್ಯೂರೊಲೇಟರ್ ಇಂಥವೆಲ್ಲ ಫಿಲ್ಟರ್ ಮಾರುವ ಹೆಸರಿರುವ ಬ್ರ್ಯಾಂಡುಗಳು. ಇವುಗಳಲ್ಲಿ ನಿಮ್ಮ ಕಾರಿನ ಮಾಡೆಲ್, ವರ್ಷ, ಎಂಜಿನ್ ಮೂರೂ ಹೊಂದುವ ಪಾರ್ಟ್ ನಂಬರ್ ಸಿಕ್ಕರೆ ಧಾರಾಳವಾಗಿ ಹಾಕಬಹುದು. ಒಂದೇ ಸ್ವಿಫ್ಟ್ ಹೆಸರಿನಲ್ಲಿ ಪೆಟ್ರೋಲಿಗೆ ಬೇರೆ, ಡೀಸೆಲಿಗೆ ಬೇರೆ, ತಲೆಮಾರು ಬದಲಾದಾಗ ಇನ್ನೊಂದು ಬರುತ್ತದೆ. ಅಂಗಡಿಯವರು ‘ಸ್ವಿಫ್ಟಿಂದು’ ಎಂದು ಕೊಟ್ಟದ್ದನ್ನು ಹಳೆಯದರ ಮೇಲೆ ಇಟ್ಟು ಉದ್ದ, ಅಗಲ, ದಪ್ಪ ನೋಡಿಯೇ ತರಬೇಕು. ಒರಿಜಿನಲ್‌ಗೂ ಇವಕ್ಕೂ ನನ್ನ ಕಾರಿನ ಮಟ್ಟಿಗೆ ನೂರು ರೂಪಾಯಿಯ ಆಚೀಚೆ ವ್ಯತ್ಯಾಸ. ದುಬಾರಿ ಕಾರುಗಳಲ್ಲಿ ಈ ಅಂತರ ಸಾವಿರ ದಾಟುವಾಗ ಮಾತು ಬೇರೆಯಾಗುತ್ತದೆ, ನನ್ನದಕ್ಕೆ ಚೌಕಾಶಿ ಮಾಡಿ ಗೆಲ್ಲುವಂಥದ್ದೇನೂ ಇಲ್ಲ.

ಒರಿಜಿನಲ್ ಡಬ್ಬ ಕಂಡ ಕೂಡಲೇ ನಿಶ್ಚಿಂತೆಯೂ ಬೇಡ. ಕಳ್ಳಮಾಲು ಕಟ್ಟುವವರಿಗೆ ಲೋಕಲ್ ಹೆಸರಿನ ಡಬ್ಬ ಅಚ್ಚು ಹಾಕಿಸಿ ಏನು ಲಾಭ? ಅವರು ಕಂಪನಿಯ ಡಬ್ಬವನ್ನೇ ನಕಲು ಮಾಡುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಪೇರ್ಸ್ ಹುಡುಕಿಕೊಂಡು ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಆರ್‌ಪಿ, ತಯಾರಾದ ತಿಂಗಳು–ವರ್ಷ, ತಯಾರಕರ ಹೆಸರು–ವಿಳಾಸ ಇಷ್ಟು ಡಬ್ಬದ ಮೇಲೆ ಇರಲೇಬೇಕೆಂಬುದು ಕಾನೂನು. ಅದರ ಜೊತೆಗೆ ನಾನು ನೋಡುವುದು ಕಾಗದದ ಮಡಿಕೆ. ಒಂದಕ್ಕೊಂದು ಸಮ ಅಂತರದಲ್ಲಿ ನೆಟ್ಟಗೆ ನಿಂತಿರಬೇಕು, ಹಳೆಯದಕ್ಕಿಂತ ಕಡಿಮೆ ಇರಬಾರದು. ಬೆರಳಾಡಿಸಿದರೆ ವಾಲಿಕೊಳ್ಳುವ ಮಡಿಕೆ ಇದ್ದರೆ ಡಬ್ಬದ ಮೇಲೆ ಯಾವ ಹೆಸರಿದ್ದರೂ ವಾಪಸ್.

ನಮ್ಮ ಮೆಕ್ಯಾನಿಕ್ ಅಣ್ಣನಿಗೂ ನನಗೂ ಕೂಡದಿರುವುದು ಹಳೆಯ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆಯುವ ವಿಷಯದಲ್ಲಿ. ‘ಏನ್ ಸರ್, ಗಾಳಿ ಹೊಡದ್ರ ಇನ್ನೂ ಐದು ಸಾವಿರ ಓಡತೈತ್ರಿ, ಸುಮ್ನ ಯಾಕ ರೊಕ್ಕ ಹಾಳ್ ಮಾಡ್ತೀರಿ’ ಅನ್ನುತ್ತಾನೆ. ಕಂಪ್ರೆಸರಿನ ಟ್ಯಾಂಕಿನಲ್ಲಿ 100 ಪಿಎಸ್‌ಐ ಮೀರಿದ ಒತ್ತಡ ಇರುತ್ತದೆ. ಅದನ್ನು ಹತ್ತಿರದಿಂದ ಬಿಟ್ಟರೆ ಕಾಗದದ ನಾರು ಸೀಳುತ್ತದೆ, ಸೀಳಿದ್ದು ಬರಿಗಣ್ಣಿಗೆ ಕಾಣುವುದಿಲ್ಲ. ಅನಿವಾರ್ಯವಾದರೆ ಒತ್ತಡ ಇಳಿಸಿ, ದೂರದಿಂದ, ಎಂಜಿನ್ ಕಡೆಯ ಮಗ್ಗುಲಿನಿಂದ ಹೊರಕ್ಕೆ ಹೊಡೆಯಬೇಕು. ನಾನು ಅದನ್ನೂ ಬಿಟ್ಟು, ನೆಲಕ್ಕೆ ಮೆಲ್ಲಗೆ ತಟ್ಟಿ ಉದುರಿದಷ್ಟು ಉದುರಿಸಿ ಹಾಕುತ್ತೇನೆ. ಇನ್ನೊಂದು ಸಂಗತಿ ಅವನಿಗೆ ಎಷ್ಟು ಹೇಳಿದರೂ ನಗುತ್ತಾನೆ: ಸ್ವಲ್ಪ ಧೂಳು ಕೂತ ಕಾಗದ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಕೂತ ಧೂಳೇ ಸಣ್ಣ ಕಣಗಳನ್ನು ತಡೆಯುವ ಇನ್ನೊಂದು ಪದರವಾಗುತ್ತದೆ. ಆದ್ದರಿಂದ ನೋಡಲು ಕೆಂಪಾಯಿತೆಂದು ಪದೇ ಪದೇ ಬಿಚ್ಚುವುದರಲ್ಲಿ ಲಾಭವಿಲ್ಲ. ಮಡಿಕೆಗಳ ಬುಡ ತುಂಬಿಕೊಂಡು ಬೆಳಕು ಹಾಯದಂತಾದಾಗ, ಇಲ್ಲವೇ ಮಳೆಯಲ್ಲಿ ನೆನೆದು ಕಾಗದ ಸೊಟ್ಟಗಾದಾಗ ಬದಲಿಸಿದರಾಯಿತು.

ಹೊಸ ಫಿಲ್ಟರಿನಿಂದ ಮೈಲೇಜ್ ಹೆಚ್ಚುತ್ತದಾ? ಇಲ್ಲ, ನನಗಂತೂ ಹೆಚ್ಚಲಿಲ್ಲ. ಇದಕ್ಕೆ ಕಾರಣವೂ ಇದೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಅಮೆರಿಕದ ಓಕ್ ರಿಜ್ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿತು. ಕಟ್ಟಿಕೊಂಡ ಫಿಲ್ಟರಿನಿಂದ ಹೊಸ ಕಾಲದ ಕಾರಿನ ಮೈಲೇಜಿಗೆ ಹೇಳಿಕೊಳ್ಳುವ ನಷ್ಟವಾಗಲಿಲ್ಲ, ಪಿಕಪ್ ಮಾತ್ರ ಕುಂದಿತು. ನನ್ನ ಅನುಭವವೂ ಅದಕ್ಕೆ ಹೊಂದುತ್ತದೆ. ಸಂಡೂರಿನ ಘಟ್ಟ ಹತ್ತುವಾಗ, ಮುಂದಿನ ಲಾರಿಯನ್ನು ದಾಟಲು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೊಸ ಫಿಲ್ಟರಿನ ಸುಖ ಗೊತ್ತಾಗುತ್ತದೆ. ಸಪಾಟು ರಸ್ತೆಯಲ್ಲಿ 60ರಲ್ಲಿ ಹೋಗುವವನಿಗೆ ಏನೂ ಗೊತ್ತಾಗದು. ಇಸಿಯು ಇಲ್ಲದ ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ಫಿಲ್ಟರ್ ಬದಲಿಸಿದರೆ ಪೆಟ್ರೋಲ್ ಉಳಿಯುತ್ತಿತ್ತು, ಹಿರಿಯರು ಹೇಳುವ ಮಾತು ಅಲ್ಲಿಂದ ಬಂದದ್ದು.

ತೊಳೆದು ಮತ್ತೆ ಹಾಕುವ ಹತ್ತಿ ಬಟ್ಟೆಯ ಎಣ್ಣೆ ಫಿಲ್ಟರ್ ಬಗ್ಗೆಯೂ ಕೇಳುತ್ತಾರೆ. ಗಾಳಿ ಸರಾಗ ಬರುತ್ತದೆ, ಜೀವಮಾನವಿಡೀ ಬರುತ್ತದೆ ಎಂದು ಮಾರುತ್ತಾರೆ. ಬೆಲೆ ಕಾಗದದ್ದಕ್ಕಿಂತ ಹತ್ತು ಪಟ್ಟಿಗೂ ಮೀರಿ. ಎಣ್ಣೆ ಹೆಚ್ಚಾದರೆ, ಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಅದಕ್ಕೆ ಮೆತ್ತಿಕೊಳ್ಳುವ ಭಯ, ಕಡಿಮೆಯಾದರೆ ಧೂಳು ನುಸುಳುವ ಭಯ. ರೇಸ್ ಟ್ರ್ಯಾಕಿನವರಿಗೆ ಸರಿ, ಅದಿರು ಲಾರಿಯ ಹಿಂದೆ ಹೋಗುವವನಿಗೆ ಕಾಗದವೇ ಸಾಕು. ಹೊಸದು ಹಾಕುವಾಗ ರಬ್ಬರ್ ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಖು, ಕಿಲೋಮೀಟರ್ ಬರೆದಿಡುತ್ತೇನೆ. ಸರ್ವಿಸ್‌ಗೆ ಕೊಟ್ಟಾಗ ‘ಬದಲಾಯಿಸಿದ್ದೇವೆ’ ಎಂದು ಬಿಲ್ ಬಂದರೆ, ಬಾನೆಟ್ ಎತ್ತಿ ಆ ಬರಹ ಹೋಗಿದೆಯಾ ಎಂದು ನೋಡಿದರೆ ಸಾಕು.