ಬಾರಿನ ಮಹಡಿಯಲ್ಲಿ ಗಜಲ್ ಓದಿದ್ದು

"ಕುಡಿಯೋರ ನಡುವ ಕುಂತು ಕವಿತಾ ಓದತೀಯೇನವ್ವಾ?" ಅಂತ ಅವ್ವ ಕೇಳಿದಾಗ ನಾನು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಏನು ಹೇಳಬೇಕೋ ಆಗ ತಿಳಿಯಲಿಲ್ಲ.

ರಾಯಚೂರಿನ ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಮಹಡಿಯಲ್ಲಿ ಫ್ಯಾಮಿಲಿ ಹಾಲ್ ಇದೆ. ಸೋಮವಾರ ಅಲ್ಲಿ ಗಿರಾಕಿ ಕಡಿಮೆ. ತಿಂಗಳಿಗೊಂದು ಸೋಮವಾರ ಸಂಜೆ ಏಳರಿಂದ ಒಂಬತ್ತೂವರೆ ತನಕ ಆ ಹಾಲನ್ನು ಕವಿತೆ ಓದುವವರಿಗೆ ಬಿಟ್ಟುಕೊಡುತ್ತಾರೆ. ಬಾಡಿಗೆ ಇಲ್ಲ, ಕೂತವರು ಏನಾದರೂ ತರಿಸಿಕೊಂಡರೆ ಸಾಕು. ನಾನು ತರಿಸುವುದು ನಿಂಬೆ ಸೋಡಾ ಮತ್ತು ಮಸಾಲೆ ಶೇಂಗಾ. ಬ್ಯಾನರು, ಶಾಲು, ಹಾರ, ಅಧ್ಯಕ್ಷರ ನುಡಿ ಯಾವುದೂ ಇಲ್ಲದ ಕವಿಗೋಷ್ಠಿಯನ್ನು ನಾನು ನೋಡಿದ್ದು ಅಲ್ಲೇ ಮೊದಲು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಅದೇ ದೊಡ್ಡ ಆಕರ್ಷಣೆಯಾಯಿತು. ಜೊತೆಗೆ ನನ್ನ ಸಹೋದ್ಯೋಗಿ ಒಬ್ಬಾಕೆ ಬರುತ್ತಿದ್ದಳು. ಮೊದಲ ಮೂರು ಸಲ ಬರೀ ಕೇಳಿ ಬಂದೆವು.

ನಾಲ್ಕನೇ ಸಲ ನಾನು ಓದಿದೆ. ಮೂರು ಪುಟದ ಕವಿತೆ. ಮಂದ ಬೆಳಕಿದ್ದದ್ದರಿಂದ ಮೊಬೈಲಿನಲ್ಲೇ ನೋಡಿಕೊಂಡು ಓದಿದೆ. ತಲೆ ಬಗ್ಗಿತು, ದನಿಯೂ ಅದರ ಜೊತೆಗೇ ಬಗ್ಗಿತು. ಬೆನ್ನ ಹಿಂದೆ ಏರ್ ಕೂಲರ್ ಗುರ್ ಅನ್ನುತ್ತಿತ್ತು. ಎರಡನೇ ಪುಟಕ್ಕೆ ಬರುವಾಗ ಕೆಳಗಿನ ಟಿವಿಯಲ್ಲಿ ವಿಕೆಟ್ ಬಿತ್ತು, ಇಡೀ ಕಟ್ಟಡ ಕೂಗಿತು. ಮುಗಿಸಿದಾಗ ಚಪ್ಪಾಳೆ ಬಂತು. ಆದರೆ ಯಾರಿಗೂ ಒಂದು ಸಾಲೂ ಉಳಿದಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟವರು ಎಂಬತ್ತು ದಾಟಿದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಮುಷಾಯಿರಾ, ಅಂದರೆ ಉರ್ದು ಕವಿಗೋಷ್ಠಿ, ಕೇಳಿಯೇ ಬೆಳೆದವರು. ನಮ್ಮ ಊರು 1948ರ ತನಕ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವಿನದೇ ದರ್ಬಾರು. ಹಾಗಾಗಿ ಮುಷಾಯಿರಾದ ರೂಢಿಗಳು ಈ ಮಣ್ಣಿಗೆ ಹೊಸವಲ್ಲ. ಕಿರಿಯರು ಮೊದಲು ಓದಬೇಕು, ಹಿರಿಯರದು ಕೊನೆಗೆ. ಸಾಲು ಹಿಡಿಸಿದರೆ ಕೇಳುವವರು "ಮುಕರ್ರರ್" ಅನ್ನಬೇಕು, ಅಂದರೆ ಮತ್ತೊಮ್ಮೆ ಓದಿ ಅಂತ. ಅಲ್ಲಿ ಓದುವ ಗಜಲನ್ನು ಕನ್ನಡಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ನಮ್ಮ ಜಿಲ್ಲೆಯ ಶಾಂತರಸರು, 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅದನ್ನು ಹೆಣ್ಣಿನ ದನಿಯಲ್ಲಿ ಬರೆದರು. ಇಷ್ಟನ್ನು ನಾನು ಓದಿ ತಿಳಿದಿದ್ದೆ. ಗಜಲನ್ನು ಕಿವಿಯಿಂದ ತಿಳಿದಿರಲಿಲ್ಲ.

ಚಾಚಾ ಹೇಳಿದ್ದು ಒಂದೇ ಮಾತು. "ಬೇಟಿ, ಮೊದಲನೇ ಸಾಲು ಅಂದ್ರ ಸಾಲ ಕೊಟ್ಟಂಗ. ಎರಡನೇದು ವಸೂಲಿ. ನೀ ಕೊಡೂಕಿಂತ ಮೊದಲೇ ವಸೂಲಿಗೆ ನಿಂತ್ರ ಹೆಂಗ?"

ಮುಂದಿನ ಒಂದು ತಿಂಗಳು ನಾನು ಐದು ಶೇರ್‌ಗಳ ಒಂದೇ ಗಜಲಿನ ಮೇಲೆ ಕೂತೆ. ಗಜಲಿನ ದ್ವಿಪದಿಗೆ ಶೇರ್ ಅನ್ನುತ್ತಾರೆ. ಪ್ರತಿ ದ್ವಿಪದಿಯ ಕೊನೆಗೆ ಮತ್ತೆ ಮತ್ತೆ ಬರುವ ಮಾತು ರದೀಫ್. ಅದರ ಹಿಂದಿನ ಪ್ರಾಸದ ಪದ ಕಾಫಿಯಾ. ಮೊದಲ ದ್ವಿಪದಿ, ಅಂದರೆ ಮತ್ಲಾದಲ್ಲಿ ಎರಡೂ ಸಾಲಿಗೆ ಇವು ಬರುತ್ತವೆ. ಅಲ್ಲಿಂದ ಮುಂದೆ ಎರಡನೇ ಸಾಲಿಗೆ ಮಾತ್ರ. ನನ್ನ ಮತ್ಲಾ ಹೀಗಿತ್ತು:

ಬಿಸಿಲಲ್ಲಿ ನಿಂತು ಕಾದೆ, ನಿನ್ನ ನೆರಳು ಬರಲೇ ಇಲ್ಲ
ಮಾತೆಲ್ಲ ಎದೆಯಲ್ಲೇ ಉಳಿದವು, ಕೊರಳು ಬರಲೇ ಇಲ್ಲ

ಇದು ಸರಿ ಕೂತಿತ್ತು. ಮತ್ಲಾ ಕೇಳಿದ ಕೂಡಲೇ ಕೇಳುಗರಿಗೆ ಎರಡು ಸಂಗತಿ ಗೊತ್ತಾಗಿಬಿಡುತ್ತವೆ: ಮುಂದೆ "ಬರಲೇ ಇಲ್ಲ" ಬರುತ್ತದೆ, ಅದರ ಹಿಂದೆ ನೆರಳು, ಕೊರಳಿನಂಥ ಇನ್ನೊಂದು ಪದ ಬರುತ್ತದೆ. ಅದು ಯಾವುದು ಅಂತ ಅವರ ಮನಸ್ಸು ಹುಡುಕಲು ಶುರುಮಾಡುತ್ತದೆ. ಓದುವವರು ಕಾಯ್ದುಕೊಳ್ಳಬೇಕಾದ್ದು ಆ ಹುಡುಕಾಟವನ್ನೇ. ನಾನು ಮೊದಲು ಬರೆದ ಮೂರನೇ ಶೇರ್ ಅದನ್ನೇ ಹಾಳುಮಾಡಿತ್ತು:

ನಿನ್ನ ಬೆರಳು ಮುಟ್ಟಿದ ಪತ್ರ ಇನ್ನೂ ಮಡಿಚಿಯೇ ಇದೆ
ಅದನ್ನು ಬಿಚ್ಚಿ ನೋಡಲು ನನ್ನ ಬೆರಳು ಬರಲೇ ಇಲ್ಲ

ಹಾಳೆಯ ಮೇಲೆ ನನಗಿದು ಚೆಂದ ಕಂಡಿತ್ತು. ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದಾಗಲೇ ಗೊತ್ತಾಗಿದ್ದು: "ಬೆರಳು" ಮೊದಲ ಸಾಲಿನಲ್ಲೇ ಬಾಯಿಂದ ಬಿದ್ದುಹೋಗಿದೆ, ಎರಡನೇ ಸಾಲಿಗೆ ಕಾಯಲು ಏನೂ ಉಳಿದಿಲ್ಲ. ತಿದ್ದಿದೆ:

ನೀ ಬರೆದ ಪತ್ರ ಮಡಿಕೆ ಬಿಚ್ಚದೆ ಹಾಗೆಯೇ ಇದೆ
ಓದುವ ಆಸೆ ಬಂತು, ಬಿಚ್ಚಲು ಬೆರಳು ಬರಲೇ ಇಲ್ಲ

ಹೀಗೆ ಓದಿಕೊಳ್ಳುವಾಗ ಅವ್ವ ಜೋಳದ ಹಿಟ್ಟು ನಾದುತ್ತಾ ಕೇಳುತ್ತಿದ್ದಳು. ಕೊನೆಯ ಶೇರ್‌ನಲ್ಲಿ, ಅದಕ್ಕೆ ಮಕ್ತಾ ಅನ್ನುತ್ತಾರೆ, ಕವಿ ತನ್ನ ಕಾವ್ಯನಾಮ ತರುತ್ತಾನೆ ಅಂತ ಹೇಳಿದೆ. "ಹಂಗಾರ ಅಂಕಿತ ಅನ್ನು" ಅಂದಳು. ನಾನು ಲೇಖನಿ ಕೆಳಗಿಟ್ಟೆ. ಮಾನ್ವಿಯ ಜಗನ್ನಾಥದಾಸರ ಪದಗಳನ್ನು ಅವ್ವ ದಿನಾ ಬೆಳಿಗ್ಗೆ ಹಾಡುತ್ತಾಳೆ, ಎಲ್ಲದರ ಕೊನೆಗೂ "ಜಗನ್ನಾಥ ವಿಠಲ" ಬರುತ್ತದೆ. ವಿಜಯದಾಸರು, ಗೋಪಾಲದಾಸರು ಕೂಡ ಇದೇ ಜಿಲ್ಲೆಯವರೇ. ದಾಸರ ಪದದ ಪಲ್ಲವಿಯೂ ನುಡಿ ನುಡಿಗೂ ತಿರುಗಿ ಬರುತ್ತದೆ, ಕೂತವರು ಅದನ್ನು ಎತ್ತಿಕೊಂಡು ಹಾಡುತ್ತಾರೆ. ಎರಡರ ಹುಟ್ಟು ಬೇರೆ, ಛಂದಸ್ಸು ಬೇರೆ. ಆದರೆ ಕೇಳುವವರ ಪಾಲು ಇಲ್ಲದೆ ಎರಡೂ ಪೂರ್ತಿಯಾಗುವುದಿಲ್ಲ ಅನ್ನುವುದನ್ನು ಅವ್ವನ ಆ ಒಂದು ಪದ ನನಗೆ ಕಾಣಿಸಿತು. ಮತ್ತೆ ಹೊರಟಾಗ ಅವ್ವ ಕುಡಿಯೋರ ಮಾತು ತೆಗೆಯಲಿಲ್ಲ. "ಲಗೂನ ಬಾ" ಅಂದಳು ಅಷ್ಟೇ.

ಈ ಸಲ ಮೊಬೈಲ್ ಬಿಟ್ಟು ಹಾಳೆ ಒಯ್ದೆ. ದಪ್ಪ ಅಕ್ಷರ, ಒಂದು ಮಗ್ಗುಲಿಗೆ ಮಾತ್ರ, ಒಂದು ಹಾಳೆಗೆ ಎರಡೇ ಶೇರ್. ಎಲ್ಲ ಮೊದಲ ಸಾಲುಗಳನ್ನೂ ಬಾಯಿಪಾಠ ಮಾಡಿದ್ದೆ, ಅವನ್ನು ಹೇಳುವಾಗ ಮುಖ ನೋಡಬೇಕಲ್ಲ. ಕೂಲರಿನ ಮಗ್ಗುಲು ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹಾಡಿ ಹೇಳುವ ತರನ್ನುಮ್ ನನ್ನ ಗಂಟಲಿಗೆ ಒಗ್ಗುವುದಿಲ್ಲ, ಆದ್ದರಿಂದ ಮಾತಿನ ಲಯದಲ್ಲೇ ಓದುವ ತಹತ್ ಹಿಡಿದೆ. ಕವಿತೆ ಕೇಳಿಸಬೇಕಾದರೆ ಅದೇ ಒಳ್ಳೆಯದು ಅನ್ನುವುದು ನನ್ನ ನಂಬಿಕೆ ಕೂಡ. ಒಳ್ಳೆಯ ರಾಗ ಎಷ್ಟೋ ಸಲ ಬಡ ಸಾಲನ್ನು ಮುಚ್ಚಿಬಿಡುತ್ತದೆ.

ಎರಡನೇ ಶೇರ್‌ಗೆ ಬಂದೆ.

ಕೃಷ್ಣೆಗೆ ಹೋದವರೆಲ್ಲ ಕೊಡ ತುಂಬಿ ತಂದರು

ಚಾಚಾ ಕೈ ಎತ್ತಿದರು. ಮತ್ತೊಮ್ಮೆ ಹೇಳಿದೆ. ಕೆಳಗಿನ ಟಿವಿ ಆಗಲೂ ನಡೆದೇ ಇತ್ತು, ಆದರೆ ಅದು ದೂರದಲ್ಲೆಲ್ಲೋ ಕೇಳಿಸುತ್ತಿತ್ತು. ಎರಡನೇ ಸಾಲನ್ನು ನಿಧಾನಕ್ಕೆ ಎತ್ತಿಕೊಂಡೆ. "ನನ್ನ ಪಾಲಿಗೆ ನೀರು ಬಿಡು, ಹಿಡಿ..." ಅಂತ ಅರೆಕ್ಷಣ ತಡೆದೆ. ಬಾಗಿಲ ಬಳಿಯಿಂದ ಯಾರೋ "ಮರಳು!" ಅಂದರು. ತಟ್ಟೆ ಹಿಡಿದು ನಿಂತಿದ್ದ ವೇಟರ್ ಹುಡುಗ. ಹಿಂದೆಯೇ ಇಡೀ ಹಾಲು "ಬರಲೇ ಇಲ್ಲ" ಅಂತ ಮುಗಿಸಿತು. ನನ್ನ ಸಾಲನ್ನು ನಾನೇ ಹೇಳುವ ಅಗತ್ಯ ಬೀಳಲಿಲ್ಲ. ಕೈಯ ಹಾಳೆ ನಡುಗುತ್ತಿತ್ತು. ಮೊದಲ ಸಲವೂ ನಡುಗಿತ್ತು, ಆದರೆ ಅದು ಬೇರೆ ನಡುಕ.

ಉಳಿದ ಮೂರು ಶೇರ್ ಹೇಗೆ ಓದಿದೆ ಅನ್ನುವುದು ಸರಿಯಾಗಿ ನೆನಪಿಲ್ಲ. ಪತ್ರದ ಶೇರ್‌ಗೆ ಮೂಲೆಯ ಮೇಜಿನ ನಡುವಯಸ್ಸಿನವರೊಬ್ಬರು ಗ್ಲಾಸನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತುಬಿಟ್ಟರು. ವಾಹ್ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಆ ಮೌನ ನನಗೆ ಇವತ್ತಿಗೂ ಬೇಕು.

ಬಿಲ್ಲು ಕೊಡುವಾಗ ವೇಟರ್ ಹುಡುಗ ಚಿಲ್ಲರೆ ಎಣಿಸುತ್ತಾ ಕೇಳಿದ: "ಅಕ್ಕೋರೇ, ಹೆರಳು ಯಾಕ ಬಿಟ್ರಿ?"

"ಏನಪ್ಪಾ?"

"ನೆರಳು, ಕೊರಳು, ಮರಳು, ಬೆರಳು ಎಲ್ಲಾ ಬಂದ್ವು. ಹೆರಳು ಬರ್ತದ ಅಂತ ಕಾಯ್ಕೊಂಡು ನಿಂತಿದ್ದೆ."

ಮುಂದಿನ ಸೋಮವಾರಕ್ಕೆ ಅದೇ ಶೇರ್ ಬರೆಯುತ್ತಿದ್ದೇನೆ. ಎರಡನೇ ಸಾಲು ಸಿಕ್ಕಿದೆ, ಮೊದಲನೆಯದು ಇನ್ನೂ ಸಿಕ್ಕಿಲ್ಲ.