ಉಂಡೆಯನ್ನು ಇಡಿಯಾಗಿ ಅರೆಯಬಾರದಿತ್ತು

ವಿರಾಜಪೇಟೆಯ ಬಳಿ ನಮ್ಮ ಕಾಫಿ ತೋಟದ ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್ ಎಂಬ ರಂಜಕದ ಕಲ್ಲಿನ ಪುಡಿಯನ್ನು ಗೊಬ್ಬರವಾಗಿ ಹಾಕುವುದನ್ನು ನೋಡುತ್ತಲೇ ಬೆಳೆದ ನನಗೆ, ಅಂಥದೇ ಖನಿಜ ಪೆರು ಮತ್ತು ನಮೀಬಿಯಾ ಕರಾವಳಿಯಾಚೆಯ ಕಡಲತಳದ ಕೆಸರಿನಲ್ಲಿ ಈಗಲೂ ಹುಟ್ಟುತ್ತಿದೆ ಎಂಬುದು ತಿಳಿದದ್ದು ಸಂಶೋಧನೆಗೆ ಸೇರಿದ ಮೇಲೆ. ಕೊಳೆತ ಜೀವರಾಶಿಯಿಂದ ಬಿಡುಗಡೆಯಾದ ರಂಜಕ ಅಲ್ಲಿ ಅಪಟೈಟ್ ಎಂಬ ಖನಿಜದ ಉಂಡೆಗಳಾಗಿ ಗಟ್ಟಿಗೊಳ್ಳುತ್ತದೆ. ಅದು ಗಟ್ಟಿಗೊಂಡದ್ದು ಯಾವಾಗ ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಯುರೇನಿಯಂ ಸಮುದ್ರದ ನೀರಿನಲ್ಲಿ ಕರಗಿರುತ್ತದೆ; ಥೋರಿಯಂ ಕರಗದೆ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತದೆ. ಆದ್ದರಿಂದ ಹೊಸ ಅಪಟೈಟ್ ಯುರೇನಿಯಂ ಅನ್ನು ಹೀರಿಕೊಳ್ಳುತ್ತದೆಯೇ ಹೊರತು, ಶುದ್ಧವಾಗಿದ್ದರೆ ಅದರಲ್ಲಿ ಥೋರಿಯಂ ಹೆಚ್ಚುಕಡಿಮೆ ಇರುವುದೇ ಇಲ್ಲ. ಮುಂದೆ ಯುರೇನಿಯಂ-234 ಕ್ಷಯಿಸಿದಂತೆ ಥೋರಿಯಂ-230 ಕೂಡುತ್ತ ಹೋಗುತ್ತದೆ. ಥೋರಿಯಂ-230ರ ಅರ್ಧಾಯು, ಎಂದರೆ ಅದರಲ್ಲಿ ಅರ್ಧಪಾಲು ಕ್ಷಯಿಸಲು ಬೇಕಾದ ಕಾಲ, ಸುಮಾರು 75,600 ವರ್ಷ. ಥೋರಿಯಂನ ವಿಕಿರಣ ಚಟುವಟಿಕೆ (ಸೆಕೆಂಡಿಗೆ ಕ್ಷಯಿಸುವ ಪರಮಾಣುಗಳ ಸಂಖ್ಯೆ) ಯುರೇನಿಯಂ-234ರದ್ದರ ಅರ್ಧದಷ್ಟಾಗಿದ್ದರೆ ಖನಿಜದ ವಯಸ್ಸು ಸುಮಾರು 75,000 ವರ್ಷ. ಐದಾರು ಲಕ್ಷ ವರ್ಷಗಳ ಆಚೆಗೆ ಎರಡರ ಚಟುವಟಿಕೆಯೂ ಹೆಚ್ಚುಕಡಿಮೆ ಸಮನಾಗಿಬಿಡುವುದರಿಂದ ಈ ವಿಧಾನದಿಂದ ಏನೂ ತಿಳಿಯದು.

ಈ ಚಟುವಟಿಕೆಯನ್ನು ಅಳೆಯಲು, ಕ್ಷಯಿಸುವಾಗ ಹೊಮ್ಮುವ ಆಲ್ಫಾ ಕಣಗಳನ್ನು ಎಣಿಸುವುದರಲ್ಲಿ ಒಂದು ತೊಡಕಿದೆ. ಥೋರಿಯಂ-230ರ ಆಲ್ಫಾ ಕಣದ ಶಕ್ತಿ 4.69 ಎಂಇವಿ (ಕಣಗಳ ಶಕ್ತಿಯ ಅಳತೆ), ಯುರೇನಿಯಂ-234ರದು 4.77, ಇವು ಒಂದರ ಮೇಲೊಂದು ಬೀಳುವುದರಿಂದ ಮೊದಲೇ ರಾಸಾಯನಿಕವಾಗಿ ಬೇರ್ಪಡಿಸಬೇಕು. ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ನಡುವೆ ಎಷ್ಟು ನಷ್ಟವಾಯಿತು ಎಂದು ಲೆಕ್ಕಹಾಕಲು ಪ್ರಮಾಣ ಗೊತ್ತಿರುವ ಟ್ರೇಸರ್ (ಗುರುತಿನ ಐಸೋಟೋಪು) ಸೇರಿಸಿ, ರಾಳದ ಕಾಲಂ ಮೂಲಕ ಇಳಿಸುತ್ತಿದ್ದೆ: ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಯುರೇನಿಯಂ ರಾಳದಲ್ಲಿ ನಿಲ್ಲುತ್ತದೆ, ಥೋರಿಯಂ ಹರಿದುಹೋಗುತ್ತದೆ. ಆಮೇಲೆ ಉಕ್ಕಿನ ಬಿಲ್ಲೆಗೆ ಲೇಪಿಸಿ ದಿನಗಟ್ಟಲೆ ಎಣಿಸಬೇಕು. ಸಾಕಷ್ಟು ಕಣಗಳು ಲೆಕ್ಕಕ್ಕೆ ಬಾರದಿದ್ದರೆ ದೋಷದ ಅಂಚು ವಯಸ್ಸಿಗಿಂತ ದೊಡ್ಡದಾಗಿ ನಗೆಪಾಟಲಾಗುತ್ತದೆ.

ನನ್ನ ತಪ್ಪು ಇದಕ್ಕೂ ಮೊದಲೇ ಆಗಿತ್ತು. ಮೊದಲ ಉಂಡೆಯನ್ನು ನಾನು ಇಡಿಯಾಗಿ ಅರೆದುಬಿಟ್ಟಿದ್ದೆ. ಅದು ಪದರಪದರವಾಗಿ ಬೆಳೆದದ್ದು. ಒಳಗಿನದು ಹಳೆಯದು, ಹೊರಗಿನದು ಎಳೆಯದು. ಬಂದ ಸಂಖ್ಯೆ ಯಾವ ಪದರದ್ದೂ ಆಗಿರಲಿಲ್ಲ, ಆದರೂ ನೋಡಲು ಅಚ್ಚುಕಟ್ಟಾಗಿತ್ತು, ಅದೇ ಅಪಾಯ. ಎರಡನೆಯ ಬಾರಿ ಉಂಡೆಯನ್ನು ಸೀಳಿ, ದಂತವೈದ್ಯರು ಬಳಸುವಂಥ ಸಣ್ಣ ಡ್ರಿಲ್‌ನಿಂದ ಪ್ರತಿ ಪದರವನ್ನೂ ಬೇರೆಬೇರೆಯಾಗಿ ಕೊರೆದೆ. ಪದರಗಳ ನಡುವೆ ಸಿಕ್ಕಿಕೊಂಡ ಜೇಡಿ ತನ್ನದೇ ಥೋರಿಯಂ-230 ತಂದು ವಯಸ್ಸನ್ನು ಹಿಗ್ಗಿಸುತ್ತದೆ. ಅದರ ಜೊತೆಗೇ ಬರುವ ಥೋರಿಯಂ-232 ಈ ಬೆರಕೆಯನ್ನು ತೋರಿಸಿಕೊಡುವುದರಿಂದ, ಅದನ್ನೇ ಆಧಾರವಾಗಿಟ್ಟುಕೊಂಡು ತಿದ್ದುಪಡಿ ಮಾಡಿದೆ. ಅದು ತೀರಾ ಹೆಚ್ಚಿದ್ದ ಪದರಗಳನ್ನು ಕೈಬಿಟ್ಟೆ.

ರಜೆಗೆ ಊರಿಗೆ ಹೋದಾಗ ಅಪ್ಪ, ತೋಟಕ್ಕೆ ತಂದ ಚೀಲದ ಪುಡಿಗೂ ಹೀಗೆಯೇ ವಯಸ್ಸು ಕಂಡುಹಿಡಿಯಬಹುದೇ ಎಂದು ಕೇಳಿದರು. ಅದು ಉದಯಪುರದ ಬಳಿಯ ಝಾಮರ್‌ಕೋಟ್ರಾದ ಕಲ್ಲಾಗಿದ್ದರೆ ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು, ನನ್ನ ವಿಧಾನಕ್ಕೆ ಅದು ಸಿಗುವುದಿಲ್ಲ ಎಂದೆ.